ಬೀದಿಗೆ ಬಾರದ ವೀರರು

ಚಿಕ್ಕಂದಿನಲ್ಲಿ ನಾನೂ ತಂಗಿಯೂ ಓದಿದ ಕಾಮಿಕ್ಸ್ ಕತೆಗಳಲ್ಲಿ ವೀರರಿಗೆ ಪುರಸೊತ್ತಿತ್ತು. ಅವ್ವ ಹೊಗೆಸೊಪ್ಪು ಕಟ್ಟುವ ಕೂಲಿಗೆ ಹೋದಾಗ, ಸೋದರಮಾವ ಮೈಸೂರಿನ ಫುಟ್‌ಪಾತಿನಿಂದ ತಂದ ರಟ್ಟಿಲ್ಲದ ಪುಸ್ತಕಗಳನ್ನು ಹಿಡಿದು ನಾವಿಬ್ಬರೂ ಸೊಪ್ಪು ಬೇಯಿಸುವ ಬ್ಯಾರನ್ ಗೋಡೆಗೆ ಒರಗಿ ಕೂರುತ್ತಿದ್ದೆವು. ತೀರಾ ಹಳೆಯ, ಮೊದಮೊದಲ ಕತೆಗಳು ಅವು. ಬೆನ್ನಿಗೆ ಬಟ್ಟೆ ಕಟ್ಟಿಕೊಂಡು ಹಾರುವ ವೀರ ಕಲಬೆರಕೆ ವ್ಯಾಪಾರಿಯನ್ನು ತಲೆಕೆಳಗಾಗಿ ಹಿಡಿಯುತ್ತಿದ್ದ. ಒಂದು ಕತೆಯಲ್ಲಂತೂ ಹೆಂಡತಿಗೆ ಹೊಡೆಯುವವನ ಮನೆಗೇ ನುಗ್ಗಿ, ಅವನನ್ನು ಎತ್ತಿ ಸೂರಿನ ಮೇಲೆ ಕೂರಿಸಿದ್ದ. ಆ ಪುಟವನ್ನು ತಂಗಿ ಎಷ್ಟು ಸಲ ನೋಡಿದಳೋ. ಆ ವೀರನಿಗೆ ಅನುಮಾನ, ಅಳು ಯಾವುದೂ ಇರಲಿಲ್ಲ. ತಪ್ಪು ಕಂಡರೆ ಹಿಡಿದು ಬಡಿಯುವುದು, ಅಷ್ಟೇ.

ಹೋದ ತಿಂಗಳು ಅದೇ ತಂಗಿ ಪಿರಿಯಾಪಟ್ಟಣದ ಗಂಡನ ಮನೆ ಬಿಟ್ಟು ಹುಣಸೂರಿನ ನಮ್ಮ ಮನೆಗೆ ಬಂದಳು. ತೋಳಿನ ತುಂಬ ಬಾಸುಂಡೆ. ಪುಟ್ಟ ಮಗಳನ್ನು ಗಂಡ ಜೊತೆಗೆ ಕಳಿಸಿರಲಿಲ್ಲ. ಇನ್ನು ಅಲ್ಲಿಗೆ ಹೋಗುವುದಿಲ್ಲ ಅಂದಳು. ಕಳಿಸುವುದೂ ಇಲ್ಲ ಅಂದೆ.

ಒಂದು ಸಂಜೆ ಟೀವಿಯಲ್ಲಿ ಈಗಿನ ವೀರನ ಸಿನಿಮಾ ಹಾಕಿದ್ದರು. ಬೆನ್ನಿಗೆ ಬಟ್ಟೆ ಇತ್ತು, ಮುಖ ಮಾತ್ರ ಹರಳೆಣ್ಣೆ ಕುಡಿದವನ ಹಾಗೆ. ಸತ್ತ ಅಪ್ಪನನ್ನು ನೆನೆದು ಕೊರಗುತ್ತಾನೆ, ಜೊತೆಯವರೊಡನೆಯೇ ಕಿತ್ತಾಡುತ್ತಾನೆ, ಕೊನೆಗೆ ಬ್ರಹ್ಮಾಂಡವನ್ನೇ ಉಳಿಸುತ್ತಾನೆ. ಅಷ್ಟರಲ್ಲಿ ಊರೊಂದು ಪುಡಿಯಾಗಿರುತ್ತದೆ. ಈಗಿನವರು ಮನುಷ್ಯರ ಹಾಗೆ ನೋಯುತ್ತಾರೆ, ನಿಜ. ನೋಯುವವರನ್ನು ಕಟ್ಟಿಕೊಂಡು ನನಗೇನಾಗಬೇಕು? ನಮ್ಮ ಮನೆ ತುಂಬ ಅವರೇ ಇದ್ದಾರೆ.

“ಇವ್ನು ಆಕಾಸ ಕಾಯ್ತಾವ್ನೆ ಕಣಕ್ಕ,” ಅಂದಳು ತಂಗಿ. “ನಮ್ ಬೀದಿಗೆ ಯಾವಾಗ ಬಂದಾನು?” ಇಬ್ಬರೂ ನಕ್ಕೆವು.

ಭಾನುವಾರ ಬಂದವನು ಅವಳ ಗಂಡ. ಜೊತೆಗೆ ಅವನ ಕಡೆಯ ಇಬ್ಬರು ಹಿರಿಯರು. ನಮ್ಮೆಜಮಾನರು ಟೀವಿಯ ಸದ್ದು ಕಡಿಮೆ ಮಾಡಿದರು. ಅವರ ಕೈಲಾದದ್ದು ಅಷ್ಟು.

“ಗಂಡ ಎಂಡ್ತಿ ಜಗಳ ಉಂಡು ಮಲಗೋಗಂಟ ಕಣವ್ವ, ಕಳ್ಸಿಕೊಡು,” ಎಂದರು ಹಿರಿಯರೊಬ್ಬರು.

ಕಳಿಸುವುದಿಲ್ಲ ಎನ್ನಲು ಬಾಯಿ ತೆರೆದೆ. ಅವನು ನನ್ನ ಕಡೆ ನೋಡಲೂ ಇಲ್ಲ. “ಪಾಪು ಅನ್ನ ಮುಟ್ತಿಲ್ಲ ಕಣೆ,” ಎಂದು ತಂಗಿಗೆ ಮೆಲ್ಲಗೆ ಹೇಳಿದ. ತಂಗಿ ಎದ್ದು ಒಳಗೆ ಹೋಗಿ ಬಟ್ಟೆ ಮಡಚತೊಡಗಿದಳು. ನಾನು ಮಾಡಿದ್ದೇನು? ಅವನಿಗೆ ಕಾಫಿ ಕೊಟ್ಟೆ. ಸಕ್ಕರೆ ಸಾಕಾ ಅಂತಲೂ ಕೇಳಿದೆ. ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ತಂಗಿ ಬೈಕಿನ ಹಿಂದೆ ಕೂತಳು. “ಗಟ್ಯಾಗಿ ಇಡ್ಕೊ, ರೋಡು ಸರಿಯಿಲ್ಲ,” ಎಂದ. ಬಾಸುಂಡೆ ಇನ್ನೂ ಮಾಯದ ತೋಳಿನಿಂದ ಅವಳು ಅವನ ಸೊಂಟವನ್ನು ಗಟ್ಟಿಯಾಗಿ ಹಿಡಿದುಕೊಂಡಳು.