ಮಹಡಿಯ ಮೇಲಿನ ಏಟು

ಚಂದ್ರಾ ಲೇಔಟಿನ ನಮ್ಮ ಮನೆಯ ಮಹಡಿಗೆ ವಿಜಯಪುರದ ಕಡೆಯ ಗಂಡ ಹೆಂಡತಿ ಬಾಡಿಗೆಗೆ ಬಂದ ವಾರದಲ್ಲೇ ನನಗೆ ಆ ಗಂಡನ ಮೇಲೆ ಅನುಮಾನ ಹತ್ತಿತು. ಸಂಜೆ ಏಳಕ್ಕೆ ಆಫೀಸಿನಿಂದ ಬರುತ್ತಿದ್ದ. ಮೆಟ್ಟಿಲಲ್ಲಿ ಎದುರಾದರೆ ತಲೆ ಎತ್ತುತ್ತಿರಲಿಲ್ಲ. ಸ್ವಲ್ಪ ಹೊತ್ತಿಗೆಲ್ಲ ಮೇಲಿಂದ ಪಟಪಟ ಏಟು. ಒಂದಿಷ್ಟು ಬಿಡುವು. ಮತ್ತೆ ಏಟು.

"ಹೆಂಡ್ತೀನ ಹೊಡೀತಾನೆ ಕಣ್ರೀ," ಎಂದೆ ನಮ್ಮ ಯಜಮಾನರಿಗೆ.

"ನಿಂಗೆ ಎಲ್ಲಾದ್ರಲ್ಲೂ ಡೌಟು. ಸುಮ್ನೆ ಟೀವಿ ನೋಡು."

ನೋಡುವುದು ಹೇಗೆ? ಆ ಸದ್ದು ನನಗೆ ಹೊಸದಲ್ಲ. ಕೆಂಗೇರಿಯಾಚೆ ನಮ್ಮ ಹಳೇ ಮನೆಯಲ್ಲಿ ಅಪ್ಪ ಅವ್ವನನ್ನು ಹೊಡೆಯುವಾಗ ನಾನು ಬಾಗಿಲ ಹಿಂದೆ ನಿಂತಿರುತ್ತಿದ್ದೆ. ಅಪ್ಪನ ಮುಖವೇ ಈಗ ಸರಿಯಾಗಿ ನೆನಪಿಲ್ಲ, ಸದ್ದು ಮಾತ್ರ ಇದ್ದ ಹಾಗೇ ಇದೆ. ಅಕ್ಕಪಕ್ಕದವರಿಗೂ ಅದು ಕೇಳಿಸುತ್ತಿತ್ತು. ಒಬ್ಬರೂ ಬರಲಿಲ್ಲ.

ಮಹಡಿಗೆ ಕಿವಿಗೊಟ್ಟಷ್ಟೂ, ಏಟಿನ ನಡುವೆ ಹುಡುಗಿ ಬಿಕ್ಕುವುದೂ ಕೇಳಿಸತೊಡಗಿತು. ಬೆಳಿಗ್ಗೆ ಗೇಟಿನ ಹತ್ತಿರ ಅವಳು ನಕ್ಕರೆ, ಪಾಪ, ಮುಚ್ಚಿಡುತ್ತಿದ್ದಾಳೆ ಅಂದುಕೊಂಡೆ. ತುಂಬುತೋಳಿನ ಚೂಡಿದಾರ್ ಹಾಕಿದರೆ, ಒಳಗೆ ಬಾಸುಂಡೆ ಇರಬೇಕು ಅಂದುಕೊಂಡೆ.

ಒಂದು ಸಂಜೆ ತಡೆಯಲಾಗಲಿಲ್ಲ. ಏಟು ಶುರುವಾದ ಕೂಡಲೇ ದಡದಡ ಮೆಟ್ಟಿಲು ಹತ್ತಿದೆ. ಬಾಗಿಲು ತೆರೆದೇ ಇತ್ತು. ಬೈಯಲು ಬಾಯಿ ತೆರೆದವಳು ಹೊಸ್ತಿಲಲ್ಲೇ ನಿಂತೆ.

ಒಲೆಯನ್ನು ನೆಲಕ್ಕಿಳಿಸಿಕೊಂಡು ಇಬ್ಬರೂ ಕೂತಿದ್ದರು. ಅವಳು ಪಟಪಟ ಜೋಳದ ರೊಟ್ಟಿ ತಟ್ಟುತ್ತಿದ್ದಳು. ಅವನು ಹಂಚಿನ ಮೇಲಿನ ರೊಟ್ಟಿಗೆ ಒದ್ದೆ ಬಟ್ಟೆಯಿಂದ ನೀರು ಸವರಿದ. ಸುಂಯ್ ಅಂದಿತು. ನಾನು ಬಿಕ್ಕು ಅಂದುಕೊಂಡದ್ದು ಅದನ್ನೇ.

"ಏನಾತ್ರಿ ಆಂಟಿ? ಬರ್ರಿ, ಕುಂದರ್ರಿ. ಬಿಸಿ ರೊಟ್ಟಿ ತಿನ್ರಿ," ಎಂದಳು.

ನಮ್ಮ ಕಡೆಯ ಅಕ್ಕಿ ರೊಟ್ಟಿ ಇಷ್ಟೊಂದು ಸದ್ದು ಮಾಡುವುದಿಲ್ಲ. ಮುದ್ದೆಯಂತೂ ಸದ್ದೇ ಮಾಡುವುದಿಲ್ಲ. ನಾಚಿಕೆಯಿಂದ ಸತ್ತೇಹೋದೆ. "ನಲ್ಲೀಲಿ ನೀರು ಸರಿಯಾಗಿ ಬರ್ತಿದ್ಯಾ ಅಂತ ಕೇಳೋಣಾಂತ ಬಂದೆ ಕಣಮ್ಮ," ಎಂದು ಸುಳ್ಳು ಹೇಳಿ, ಎರಡು ರೊಟ್ಟಿ ತಿಂದು ಇಳಿದು ಬಂದೆ.

ಮರುದಿನವೂ ಏಳರ ಮೇಲೆ ಅದೇ ಸದ್ದು, ಅದೇ ಬಿಡುವು. ಎಷ್ಟು ಕಿವಿಗೊಟ್ಟರೂ ಅದು ಏಟಾಗಿ ಕೇಳಿಸಲಿಲ್ಲ. ಬಿಕ್ಕಂತೂ ಎಲ್ಲಿ ಹೋಯಿತೋ.

"ಈಗ್ಲಾದ್ರೂ ಸಮಾಧಾನ ಆಯ್ತಾ?" ಎಂದರು ಯಜಮಾನರು.

ಆಗಲಿಲ್ಲ. ಈಗ ಇನ್ನೂ ಹೆಚ್ಚು ಭಯ. ನಾಳೆ ಅವನು ನಿಜವಾಗಿಯೂ ಕೈ ಎತ್ತಿದರೆ, ಕೆಳಗೆ ಕೂತ ನನಗೆ ಕೇಳಿಸುವುದು ರೊಟ್ಟಿಯೇ.