ಕಾಪಿ ಹೊಡೆಯಲಾಗದ ಕಾರ್ಡು

ಆ ಕಾರ್ಡುಗಳ ಮೇಲೆ ನನಗೆ ಸ್ವಲ್ಪ ಜಂಬವೇ ಇತ್ತು. ಒಬ್ಬೊಬ್ಬರ ಕಾರ್ಡಿನಲ್ಲೂ ಬೇರೆ ಬೇರೆ ಕಪ್ಪು-ಬಿಳಿ ಚೌಕಗಳು. ನಾಲ್ಕು ಅಂಚಿಗೆ ನಾಲ್ಕು ಉತ್ತರ; ತಮ್ಮ ಉತ್ತರದ ಅಂಚು ಮೇಲೆ ಬರುವಂತೆ ಮಕ್ಕಳು ಕಾರ್ಡ್ ತಿರುಗಿಸಿ ಎತ್ತಿದರೆ ಸಾಕು, ನನ್ನ ಫೋನೇ ಓದಿ ಅಂಕ ಹಾಕುತ್ತದೆ.

"ಪಕ್ಕದವರು ನೋಡಿದ್ರೂ ತಲೆಬುಡ ಗೊತ್ತಾಗಲ್ಲ ಸಾರ್, ಕಾಪಿ ಹೊಡೆಯೋ ಮಾತೇ ಇಲ್ಲ," ಅಂತ ಹೆಡ್‌ಮಾಸ್ಟರನ್ನು ದೊಡ್ಡಬಳ್ಳಾಪುರದ ನನ್ನ ಎಂಟನೇ ಕ್ಲಾಸಿಗೆ ಕರೆತಂದೆ. ಧೈರ್ಯವಾಗಿ ಮಕ್ಕಳನ್ನು ಒಬ್ಬರಿಗೊಬ್ಬರು ಕಾಣುವಂತೆ ಸುತ್ತ ಕೂರಿಸಿ ಕೇಳಿದೆ: "ಶಬ್ದ ಯಾವುದರಲ್ಲಿ ಸಾಗಲ್ಲ? ಗಾಳಿ, ನೀರು, ಕಬ್ಬಿಣ, ನಿರ್ವಾತ?"

ಕ್ಲಾಸಿಗೇ ಜಾಣೆಯಾದ ರಮ್ಯಾ ಮೊದಲು ಎತ್ತಿದಳು. ಆಮೇಲೆ ಉಳಿದವರು. ಫೋನು ನೋಡಿದರೆ ಮೂವತ್ತು ಜನರದ್ದೂ ಒಂದೇ ಉತ್ತರ: ಕಬ್ಬಿಣ. ಅದೂ ತಪ್ಪು!

ಹೆಡ್‌ಮಾಸ್ಟರು ಕೆಮ್ಮಿದರು.

"ಹೆಂಗ್ರೋ ನೋಡ್ಕೊಂಡ್ರಿ?" ಅಂದೆ.

"ಮನೇಲಿ ಸೀರೆ ಮಗ್ಗಕ್ಕೆ ತೂತು ನೋಡಿ ಡಿಸೈನ್ ರಟ್ಟು ಜೋಡಿಸೋರು ನಾವೇ ಅಲ್ವಾ ಮಿಸ್," ಅಂದಳು ಗೀತಾ. "ರಮ್ಯನ ಕಾರ್ಡು ಹೆಂಗೆ ತಿರುಗಿದ್ರೆ ಯಾವ ಉತ್ತರ ಅಂತ ಎಲ್ರಿಗೂ ಬಾಯಿಪಾಠ."

"ನಿರ್ವಾತ ಅಂತ ಒಬ್ರಿಗೂ ಗೊತ್ತಿರ್ಲಿಲ್ವಾ?"

"ನಂಗೆ ಗೊತ್ತಿತ್ತು ಮಿಸ್," ಅಂದಳು ಗೀತಾನೇ. "ಆದ್ರೆ ಒಂದು ರಟ್ಟು ಬೇರೆ ಆದ್ರೂ ಸೀರೆ ಕೆಟ್ಟೋಗುತ್ತಲ್ಲ!"

ಫೋನು ನನ್ನ ಪಾಠಕ್ಕೆ ಸೊನ್ನೆ ಕೊಟ್ಟಿತು. ಮೂವತ್ತು ಕಾರ್ಡಿನ ಆ ಸೀರೆ ಮಾತ್ರ ಎಲ್ಲೂ ಕೆಟ್ಟಿರಲಿಲ್ಲ.