ಪ್ರಿಂಟರ್ ಬಾರದ ಕಂಪ್ಯೂಟರ್

ಮುಂಬಯಿಯ ಗೋರೆಗಾಂವ್‌ನ ಪುಟ್ಟಲಕ್ಷ್ಮಮ್ಮನಂಥ ಗಿರಾಕಿ ಯಾವ ಅಂಗಡಿಯವನಿಗೂ ಬೇಡ. ಮನೆಯಲ್ಲೇ ಟೈಪಿಂಗ್ ಕ್ಲಾಸ್ ನಡೆಸುವ ಈ ಮೈಸೂರಿನ ಹೆಂಗಸು, ‘ಕಂಪ್ಯೂಟರ್ ಕೊಂಡರೆ ಪ್ರಿಂಟರ್ ಉಚಿತ’ ಎಂಬ ಜಾಹೀರಾತು ನಂಬಿ, ಇದ್ದ ಟೈಪ್‌ರೈಟರುಗಳನ್ನೆಲ್ಲ ಮಾರಿ ಕಂಪ್ಯೂಟರ್ ತಂದರು. ಪ್ರಿಂಟರ್ ಮಾತ್ರ ಬರಲೇ ಇಲ್ಲ. ಅಂದಿನಿಂದ ಪ್ರತಿ ಶನಿವಾರ ಲೋಕಲ್ ರೈಲು ಹಿಡಿದು ಬೊರಿವಲಿಯ ಆ ಅಂಗಡಿಗೆ ಹೋಗುತ್ತಿದ್ದರು. ಸ್ಟೂಲಿನ ಮೇಲೆ ಸುಮ್ಮನೆ ಕೂತಿದ್ದು, ಬೇರೆ ಗಿರಾಕಿ ಒಳಗೆ ಕಾಲಿಟ್ಟೊಡನೆ “ಮೇರಾ ಪ್ರಿಂಟರ್ ಕಿಧರ್?” ಎಂದು ಅಂಗಡಿ ನಡುಗುವಂತೆ ಕೇಳುತ್ತಿದ್ದರು. “ಸ್ಕೀಮ್ ಖತಮ್, ಮೇಡಮ್” ಎಂದು ಮಾಲೀಕ ಕೈಮುಗಿಯುತ್ತಿದ್ದ. ರೇಷನ್ ಸಾಲಿನಲ್ಲಿ ಕನ್ನಡದವರು ಯಾರು ಸಿಕ್ಕರೂ, “ಗ್ರಾಹಕರ ಕೋರ್ಟು ಅಂತ ಒಂದಿದೆ ಕಣ್ರೀ, ಸುಮ್ನೆ ಬಿಡ್ತೀನಾ?” ಎನ್ನುತ್ತಿದ್ದರು. ಬಿಡಲೂ ಇಲ್ಲ, ದೂರು ಕೊಟ್ಟೇಬಿಟ್ಟರು. ಕ್ಲಾಸಿಗೆಂದು ಕೊಂಡದ್ದು ವ್ಯಾಪಾರಕ್ಕೆ ಕೊಂಡಂತೆ, ಆದ್ದರಿಂದ ಕಾನೂನಿನ ಪ್ರಕಾರ ಈಕೆ ಗ್ರಾಹಕಳೇ ಅಲ್ಲ ಎಂದು ಕೋರ್ಟು ದೂರನ್ನು ತಳ್ಳಿಹಾಕಿತು. “ಹಾಗಾದ್ರೆ ನಾನು ಯಾರು ಸ್ವಾಮಿ?” ಎಂದು ಪುಟ್ಟಲಕ್ಷ್ಮಮ್ಮ ಗಾಬರಿಯಲ್ಲಿ ಕನ್ನಡದಲ್ಲೇ ಕೇಳಿದರು, ಅಲ್ಲಿದ್ದ ಯಾರಿಗೂ ಅರ್ಥವಾಗಲಿಲ್ಲ. ಈಗ ಕ್ಲಾಸಿನಲ್ಲಿ ಉಳಿದಿರುವ ಒಂದಿಬ್ಬರು ಹುಡುಗಿಯರು ಪರದೆಯ ಮೇಲೆ ಟೈಪ್ ಮಾಡಿದ್ದನ್ನು ಪೆನ್ಸಿಲಿನಿಂದ ಹಾಳೆಗೆ ಇಳಿಸಿಕೊಡುತ್ತಾರೆ; ಪುಟ್ಟಲಕ್ಷ್ಮಮ್ಮ ತಲೆಯೆತ್ತದೆ ಅದನ್ನೇ ತಿದ್ದುತ್ತಾರೆ.